ಸೀಟು ಸಿಕ್ಕಿತು, ದುಡ್ಡು ಎಲ್ಲಿ? ನಾನು ತೂಗಿ ನೋಡಿದ ರೈಟಿಂಗ್ ಕೋರ್ಸ್‌ಗಳು

ಕ್ರಿಯೇಟಿವ್ ರೈಟಿಂಗ್ ಕಲಿಯೋಕೆ ವಿದೇಶಕ್ಕೆ ಅರ್ಜಿ ಹಾಕುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಸೀಟು ಬೇರೆ, ದುಡ್ಡು ಬೇರೆ. ಇಂಜಿನಿಯರಿಂಗ್ ಓದಲು ಹೋಗುವವರು ಸಾಲ ಮಾಡಿದರೂ ಮುಂದೆ ಕೆಲಸ ಸಿಕ್ಕಿ ತೀರಿಸಬಹುದು ಅನ್ನುವ ಧೈರ್ಯ ಇರುತ್ತದೆ. ಕಥೆ ಬರೆಯೋದನ್ನು ಕಲಿತು ಬಂದವರಿಗೆ ಯಾವ ಕಂಪನಿ ಕಾದು ಕೂತಿರುತ್ತದೆ ಹೇಳಿ? ವಾಪಸ್ ಬಂದು ಕಾಲೇಜಿನಲ್ಲಿ ಪಾಠ ಮಾಡೋಣ ಅಂದರೂ ನೆಟ್, ಕೆ-ಸೆಟ್ ಅಥವಾ ಪಿಎಚ್‌ಡಿ ಬೇಕೇ ಬೇಕು. ಎಂಎಫ್‌ಎ, ಅಂದರೆ ಅಮೆರಿಕದಲ್ಲಿ ಈ ಕೋರ್ಸ್‌ಗೆ ಕೊಡುವ ಸ್ನಾತಕೋತ್ತರ ಪದವಿ, ಅದೊಂದನ್ನೇ ಹಿಡಿದುಕೊಂಡು ಹೋದರೆ ನಡೆಯುವುದಿಲ್ಲ.

ನಮ್ಮದು ಕೊಡಗಿನ ನಾಪೋಕ್ಲು ಕಡೆ. ಸಣ್ಣ ಕಾಫಿ ತೋಟ, ನಡುವೆ ಸ್ವಲ್ಪ ಮೆಣಸು. ಅರ್ಜಿ ಹಾಕಿದ ವರ್ಷ ಮಾರ್ಚ್ ಹೊತ್ತಿಗೆ ನನ್ನ ಮುಂದೆ ಇದ್ದದ್ದು ಇಷ್ಟು. ಅಮೆರಿಕದ ದೊಡ್ಡ ನಗರವೊಂದರ ತುಂಬಾ ಹೆಸರಿರುವ ವಿಶ್ವವಿದ್ಯಾಲಯ, ಅರ್ಧ ಫೀಸ್ ಮಾಫಿ. ಅಮೆರಿಕದ್ದೇ ನಡುಭಾಗದ ಸಣ್ಣ ಊರಿನ ಸರ್ಕಾರಿ ವಿಶ್ವವಿದ್ಯಾಲಯ, ಮೂರು ವರ್ಷ, ಫೀಸ್ ಪೂರ್ತಿ ಮಾಫಿ, ಪಾಠ ಮಾಡಿದರೆ ತಿಂಗಳ ಸ್ಟೈಪೆಂಡ್. ಇಂಗ್ಲೆಂಡಿನಲ್ಲಿ ಒಂದು ವರ್ಷದ ಎಂಎ, ಫೀಸ್‌ನಲ್ಲಿ ಸ್ವಲ್ಪ ರಿಯಾಯಿತಿ. ಇನ್ನೊಂದು ಕಡೆ ವೇಟಿಂಗ್ ಲಿಸ್ಟ್. ಎಲ್ಲೂ ಹೋಗದೆ ಮನೆಯಲ್ಲೇ ಕೂತು ಬರೆಯುವ ದಾರಿಯೂ ಇತ್ತು, ಅದನ್ನೂ ಲೆಕ್ಕಕ್ಕೆ ಹಿಡಿದಿದ್ದೆ. ಆಫರ್ ಕೊಟ್ಟವರ ಹೆಸರು ಹೇಳುವುದಿಲ್ಲ. ಅವರ ಷರತ್ತುಗಳು ವರ್ಷ ವರ್ಷ ಬದಲಾಗುತ್ತವೆ, ನನ್ನ ಪತ್ರ ನೋಡಿಕೊಂಡು ನೀವು ತೀರ್ಮಾನ ಮಾಡೋದು ಬೇಡ.

ಮನೆಯ ದಾರಿಯಿಂದಲೇ ಶುರು ಮಾಡುತ್ತೇನೆ, ಯಾಕಂದರೆ ಅದರ ಪರವಾಗಿ ವಾದ ಮಾಡಿದವರು ನಮ್ಮ ದೊಡ್ಡಪ್ಪ. ಮಿಲಿಟರಿಯಿಂದ ರಿಟೈರ್ ಆದವರು, ಸುಮ್ನೆ ಮಾತಾಡುವವರಲ್ಲ. "ಕಥೆ ಬರೆಯೋಕೆ ಅಮೆರಿಕಕ್ಕೆ ಯಾಕೆ ಹೋಗ್ಬೇಕು ಮಗಾ? ಗೌರಮ್ಮ ಇಲ್ಲೇ ಕೂತು ಬರೀಲಿಲ್ವಾ?" ಅಂದರು. ಮಾತು ಸರಿಯೇ. ಕೊಡಗಿನ ಗೌರಮ್ಮ ಸುಂಟಿಕೊಪ್ಪ ಕಡೆಯ ತೋಟದಲ್ಲಿದ್ದುಕೊಂಡೇ ಬರೆದರು, 1939ರಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೂ ಆಗಿರಲಿಲ್ಲ. ಮೊನ್ನೆ ಮೊನ್ನೆ 2025ರಲ್ಲಿ ಬಾನು ಮುಷ್ತಾಕ್ ಅವರ ಜೊತೆ ಇಂಟರ್‌ನ್ಯಾಷನಲ್ ಬೂಕರ್ ಹಂಚಿಕೊಂಡ ಅನುವಾದಕಿ ದೀಪಾ ಭಾಸ್ತಿ ನಮ್ಮ ಮಡಿಕೇರಿಯವರೇ. ಹೊಸಬರಿಗೆ ಬೆಂಗಳೂರಿನ ಟೋಟೋ ಪ್ರಶಸ್ತಿ ಇದೆ, ಕನ್ನಡಕ್ಕೂ ಉಂಟು, ಇಂಗ್ಲಿಷಿಗೂ ಉಂಟು. ಖರ್ಚು ಕಡಿಮೆ ಬೇಕು ಅನ್ನುವವರಿಗೆ ಇಗ್ನೋದ ಡಿಪ್ಲೊಮಾ ಇದೆ. ಹಾಗಾದರೆ ಕೊರತೆ ಏನು ಅಂದರೆ, ಓದುವವರು. ನನ್ನ ಕಥೆ ಓದಿ "ಚೆನ್ನಾಗಿದೆ" ಅನ್ನುವವರು ಊರಲ್ಲಿ ಬೇಕಾದಷ್ಟು ಜನ. "ನಾಲ್ಕನೇ ಪುಟಕ್ಕೇ ಕಥೆ ಮುಗಿದಿದೆ, ಮುಂದಿನ ಆರು ಪುಟ ಯಾಕೆ?" ಅಂತ ಕೇಳುವವರು ಒಬ್ಬರೂ ಇರಲಿಲ್ಲ. ನನಗೆ ಬೇಕಿದ್ದದ್ದು ಅಂಥವರು. ಅದಕ್ಕೆ ಎಷ್ಟು ದುಡ್ಡು ಕೊಡಬಹುದು ಅನ್ನೋದೇ ಪ್ರಶ್ನೆ.

ಈಗ ಹೆಸರಿನ ವಿಚಾರ. ಈ ಕೋರ್ಸ್‌ಗಳಲ್ಲಿ ಹಳೆಯದು ಅಯೋವಾದ ರೈಟರ್ಸ್ ವರ್ಕ್‌ಶಾಪ್, 1936ರದ್ದು. ಇಂಗ್ಲೆಂಡಿನಲ್ಲಿ ಈಸ್ಟ್ ಆಂಗ್ಲಿಯಾದ ಎಂಎ 1970ರಲ್ಲಿ ಶುರುವಾಯಿತು, ಕಜುವೊ ಇಶಿಗುರೊ ಕಲಿತದ್ದು ಅಲ್ಲೇ. ಆದರೆ ಹೆಸರಿಗೂ ದುಡ್ಡಿಗೂ ಸಂಬಂಧವೇ ಇಲ್ಲ. ಕಾರ್ನೆಲ್ ವರ್ಷಕ್ಕೆ ಎಂಟೇ ಜನರನ್ನು ತೆಗೆದುಕೊಳ್ಳುತ್ತದೆ, ಎಂಟೂ ಜನರ ಖರ್ಚು ನೋಡಿಕೊಳ್ಳುತ್ತದೆ. ಆಸ್ಟಿನ್‌ನ ಮಿಚೆನರ್ ಸೆಂಟರ್ ಮೂರು ವರ್ಷ ದುಡ್ಡು ಕೊಡುತ್ತದೆ, ಪಾಠ ಮಾಡು ಅಂತ ಕೇಳುವುದೂ ಇಲ್ಲ. ಅದೇ ಅಮೆರಿಕದಲ್ಲಿ ಅಷ್ಟೇ ಹೆಸರಿರುವ ಬೇರೆ ಕಡೆ ನೂರಾರು ಪುಟದ ಮ್ಯಾನುಸ್ಕ್ರಿಪ್ಟ್ ಜೊತೆ ಜೀವನಪೂರ್ತಿ ಸಾಲವನ್ನೂ ಹೊತ್ತು ಹೊರಗೆ ಬರುತ್ತಾರೆ. ಬ್ರೋಷರ್ ನೋಡಿದರೆ ಎರಡೂ ಒಂದೇ ಥರ ಹೊಳೆಯುತ್ತವೆ.

ನನ್ನ ದೊಡ್ಡ ನಗರದ ಆಫರ್ ಎರಡನೇ ಜಾತಿಯದು. ಪತ್ರದಲ್ಲಿ "ಅಭಿನಂದನೆ" ಮೂರು ಸಲ ಇತ್ತು. ಅರ್ಧ ಫೀಸ್ ಮಾಫಿ ಅಂದಾಗ ಮನೆಯಲ್ಲಿ ಎಲ್ಲರಿಗೂ ಖುಷಿಯಾಯಿತು. ಉಳಿದ ಅರ್ಧ, ಅದರ ಮೇಲೆ ಆ ನಗರದ ಬಾಡಿಗೆ, ಊಟ, ಇನ್ಶೂರೆನ್ಸ್ ಎಲ್ಲಾ ಕೂಡಿಸಿದಾಗ ಎರಡು ವರ್ಷಕ್ಕೆ ಆಗುವ ಖರ್ಚಿನಲ್ಲಿ ಇಲ್ಲಿ ತೋಟವೇ ಕೊಳ್ಳಬಹುದಿತ್ತು. ಆದರೂ ಒಂದು ಸಲ ವಿಚಾರಿಸೋಣ ಅಂತ ಅಪ್ಪನೂ ನಾನೂ ಬ್ಯಾಂಕಿಗೆ ಹೋದೆವು. ಎಜುಕೇಶನ್ ಲೋನ್‌ಗೆ ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡ ಕೇಳುತ್ತಾರೆ. ನಮ್ಮದು ಜಮ್ಮಾ ಬಾಣೆ, ಅಂದರೆ ಇಡೀ ಕುಟುಂಬದ ಹೆಸರಿನಲ್ಲಿ ಜಂಟಿಯಾಗಿ ಇರುವ ಕೊಡಗಿನ ಜಮೀನು. ಮ್ಯಾನೇಜರ್ ಪಹಣಿಯನ್ನು ಮೇಜಿನ ಮೇಲೆ ಹರಡಿ, ಪೆನ್ನಿನ ತುದಿಯಿಂದ ಒಂದೊಂದೇ ಹೆಸರು ಎಣಿಸುತ್ತಾ ಬಂದರು. ತಾತನ ಅಣ್ಣತಮ್ಮಂದಿರು, ಅವರ ಮಕ್ಕಳು, ಅದರಲ್ಲಿ ಇಬ್ಬರು ತೀರಿಕೊಂಡು ಎಷ್ಟೋ ವರ್ಷ ಆಗಿದೆ. "ಇಷ್ಟೂ ಜನ ಬಂದು ಸಹಿ ಹಾಕ್ಬೇಕಲ್ಲಮ್ಮಾ" ಅಂದರು. ಇನ್ನು ಐಟಿ ರಿಟರ್ನ್ಸ್ ಕೇಳಿದರು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ನಮ್ಮಲ್ಲಿ ಎಷ್ಟೋ ಮನೆಯಲ್ಲಿ ರಿಟರ್ನ್ಸ್ ಹಾಕುವ ಅಭ್ಯಾಸವೇ ಇಲ್ಲ. ಕೊಡಗಿನಿಂದ ಸಾಲ ಮಾಡಿ ಹೋಗಬೇಕು ಅನ್ನುವವರು ಆಫರ್ ಬಂದ ಮೇಲಲ್ಲ, ಅರ್ಜಿ ಹಾಕುವ ಮುಂಚೆಯೇ ಪಹಣಿ ತೆಗೆಸಿ ನೋಡಿ. ನಿಮ್ಮ ಪಾಲು ನಿಮ್ಮ ಹೆಸರಿಗೆ ಬಂದಿದೆಯಾ ಅನ್ನೋದರ ಮೇಲೆ ಅರ್ಧ ತೀರ್ಮಾನ ಆಗಿಹೋಗುತ್ತದೆ.

ಸಾಲ ಸಿಕ್ಕಿದ್ದರೂ ನಾನು ಅಲ್ಲಿಗೆ ಹೋಗುತ್ತಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸಾಲ ಮಾಡಿ ಕಥೆ ಬರೆಯೋಕೆ ಕೂತರೆ ಎರಡನೇ ವರ್ಷದಿಂದಲೇ ತಲೆ ತುಂಬಾ ಕಂತು. ಬರೆಯೋಕೆ ಪುರುಸೊತ್ತು ಸಿಗಲಿ ಅಂತ ತಾನೇ ಹೋಗೋದು.

ಇಂಗ್ಲೆಂಡಿನ ಎಂಎ ಮೊದಲ ನೋಟಕ್ಕೆ ಅಗ್ಗ. ಒಂದೇ ವರ್ಷ, ಒಂದೇ ವರ್ಷದ ಬಾಡಿಗೆ. ಆದರೆ ಅಲ್ಲಿ ಪಾಠ ಮಾಡಿ ಫೀಸ್ ಮಾಫಿ ಮಾಡಿಸಿಕೊಳ್ಳುವ ಪದ್ಧತಿ ಎಂಎ ಮಟ್ಟದಲ್ಲಿ ಇಲ್ಲವೆಂದೇ ಹೇಳಬೇಕು. ವಿದೇಶಿಯರ ಫೀಸ್ ಜಾಸ್ತಿ, ವೀಸಾ ಜೊತೆ ವರ್ಷಕ್ಕೆ 776 ಪೌಂಡ್ ಆರೋಗ್ಯದ ಸರ್‌ಚಾರ್ಜ್ ಬೇರೆ. ಬೇಕಾದ ದುಡ್ಡು 28 ದಿನ ಖಾತೆಯಲ್ಲಿ ಕದಲದೆ ಇರಬೇಕು. ಬ್ರಿಟಿಷ್ ಸರ್ಕಾರದ ಚೆವೆನಿಂಗ್ ಸ್ಕಾಲರ್‌ಶಿಪ್ ಸಿಕ್ಕರೆ ಇದಕ್ಕಿಂತ ಒಳ್ಳೆಯದು ಇಲ್ಲ, ಎಲ್ಲಾ ಖರ್ಚೂ ಅವರದೇ. ಆದರೆ ಅದಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕು, ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲೇ ಇರಬೇಕು, ಅರ್ಜಿ ಹಾಕೋದು ಹಿಂದಿನ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ. ಅಮೆರಿಕಕ್ಕೆ ಇದೇ ಥರ ಫುಲ್‌ಬ್ರೈಟ್-ನೆಹರೂ ಮಾಸ್ಟರ್ಸ್ ಇದೆ ಅಂತ ಕೆಲವರು ಹೇಳುತ್ತಾರೆ, ಆದರೆ ಅದರ ವಿಷಯಗಳ ಪಟ್ಟಿಯಲ್ಲಿ ಕ್ರಿಯೇಟಿವ್ ರೈಟಿಂಗ್ ಇಲ್ಲ. ಜೆ.ಎನ್. ಟಾಟಾ ಎಂಡೋಮೆಂಟ್ 1892ರಿಂದ ಇದೆ, ಆದರೆ ಅದು ಲೋನ್ ಸ್ಕಾಲರ್‌ಶಿಪ್, ವಾಪಸ್ ಕಟ್ಟಬೇಕು.

ದುಡ್ಡಿಗಿಂತ ನನ್ನನ್ನು ತಡೆದದ್ದು ಸಮಯ. ಸೆಪ್ಟೆಂಬರ್‌ನಲ್ಲಿ ಹೋಗಿ ಚಳಿಗೆ ಒಗ್ಗಿಕೊಳ್ಳುವಷ್ಟರಲ್ಲಿ ಮೊದಲ ಟರ್ಮ್ ಮುಗಿದಿರುತ್ತದೆ. ಈಗಾಗಲೇ ಅರ್ಧ ಕಾದಂಬರಿ ಕೈಯಲ್ಲಿ ಇರುವವರಿಗೆ ಒಂದು ವರ್ಷ ಸಾಕು, ಬಹುಶಃ ಅದೇ ಒಳ್ಳೆಯದು. ನನ್ನ ಹತ್ತಿರ ಇದ್ದದ್ದು ಬಿಡಿ ಬಿಡಿ ಕಥೆಗಳು.

ಉಳಿದದ್ದು ಸಣ್ಣ ಊರು. ಅದನ್ನೇ ಆರಿಸಿಕೊಂಡೆ, ಒಂದು ವರ್ಷ ಮುಗಿಸಿ ಈಗ ಬೇಸಿಗೆ ರಜೆಗೆ ಮನೆಗೆ ಬಂದಿದ್ದೇನೆ. ಹಾಗಾಗಿ ಇದರ ಬಗ್ಗೆ ಮಾತ್ರ ಒಳಗಿನಿಂದ ಹೇಳಬಲ್ಲೆ.

"ಫುಲ್ ಫಂಡಿಂಗ್" ಅಂತ ಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಇತ್ತು. ಅದನ್ನು ಬಿಚ್ಚಿ ನೋಡಿ. ಸ್ಟೈಪೆಂಡ್ ಒಂಬತ್ತು ತಿಂಗಳದ್ದು, ಆಗಸ್ಟ್‌ನಿಂದ ಮೇ ತನಕ. ಬೇಸಿಗೆಯ ಮೂರು ತಿಂಗಳು ಏನೂ ಇಲ್ಲ. ಹಾಗಾಗಿ ಪತ್ರದ ಮೊತ್ತವನ್ನು ಹನ್ನೆರಡರಿಂದ ಭಾಗಿಸಿ, ಒಂಬತ್ತರಿಂದ ಅಲ್ಲ. ಫೀಸ್ ಮಾಫಿ ಅಂದರೆ ಟ್ಯೂಷನ್ ಮಾತ್ರ. ಜಿಮ್, ಬಸ್, ಟೆಕ್ನಾಲಜಿ ಅಂತ ಪ್ರತಿ ಸೆಮಿಸ್ಟರ್ ಬೇರೆ ಬಿಲ್ ಬರುತ್ತದೆ. ಇನ್ಶೂರೆನ್ಸ್‌ನಲ್ಲಿ ಅವರ ಪಾಲು ಎಷ್ಟು, ನಮ್ಮ ಪಾಲು ಎಷ್ಟು ಅಂತಲೂ ಕೇಳಬೇಕು. ಅಲ್ಲಿನ ಹುಡುಗರು ಸಂಜೆ ಕಾಫಿ ಅಂಗಡಿಯಲ್ಲಿ ಕೆಲಸ ಮಾಡಿ ಸರಿದೂಗಿಸುತ್ತಾರೆ. ನಮಗೆ ಆ ದಾರಿ ಇಲ್ಲ. ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದಲ್ಲಿ ಕ್ಲಾಸ್ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಅಷ್ಟೇ ಕೆಲಸ, ಆ 20 ಗಂಟೆಯನ್ನು ಪಾಠ ಮಾಡೋದೇ ನುಂಗುತ್ತದೆ. ಅಂದರೆ ಅಮೆರಿಕದವರಿಗೆ ಸಾಲುವ ಆಫರ್ ನಮಗೆ ಸಾಲದೆ ಇರಬಹುದು. ಇದನ್ನು ಯಾವ ಪತ್ರವೂ ಹೇಳುವುದಿಲ್ಲ.

ನಮ್ಮ ಕಡೆ ಇರುವ ಒಂದೇ ಅನುಕೂಲ ತೆರಿಗೆಯದು. ಭಾರತ–ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯ ಪ್ರಕಾರ ನಮ್ಮ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ. ಬೇರೆ ದೇಶದಿಂದ ಬಂದ ನನ್ನ ಕ್ಲಾಸ್‌ಮೇಟ್‌ಗಳಿಗೆ ಅದು ಇಲ್ಲ. ಕಡಿಮೆ ಸ್ಟೈಪೆಂಡ್‌ನಲ್ಲಿ ಇದು ಸಣ್ಣ ವಿಷಯ ಅಲ್ಲ.

ಪಾಠ ಮಾಡುವ ಕೆಲಸವನ್ನು ಕೆಲವರು ಹೊರೆ ಅನ್ನುತ್ತಾರೆ, ಕೆಲವರು ಭಾಗ್ಯ ಅನ್ನುತ್ತಾರೆ. ನನಗೆ ಎರಡೂ ಹೌದು. ಹದಿನೆಂಟು ವರ್ಷದ ಹುಡುಗರಿಗೆ ಪ್ರಬಂಧ ಬರೆಯೋದು ಕಲಿಸಬೇಕು. ಭಾನುವಾರ ಪೂರ್ತಿ ತಿದ್ದೋದರಲ್ಲೇ ಹೋಗುತ್ತದೆ, ನನ್ನ ಕಥೆ ಮುಚ್ಚಿದ ಲ್ಯಾಪ್‌ಟಾಪ್‌ನಲ್ಲೇ ಇರುತ್ತದೆ. ಆದರೆ ಒಬ್ಬ ಹುಡುಗ ಅಪ್ಪನ ಜೋಳದ ಹೊಲದ ಬಗ್ಗೆ ಬರೆದಿದ್ದ. ರೇಟು ಬಿದ್ದ ದಿನ ಊಟದ ಹೊತ್ತಿಗೆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ, ಟಿವಿಯ ವಾಲ್ಯೂಮ್ ಮಾತ್ರ ಜಾಸ್ತಿ ಆಗುತ್ತದೆ ಅಂತ. ಪ್ರಬಂಧದ ಉಳಿದ ಭಾಗ ಇಂಟರ್‌ನೆಟ್‌ನಿಂದ ಎತ್ತಿದ್ದು, ಅದು ಬೇರೆ ವಿಷಯ. ಆ ಒಂದು ಸಾಲು ಓದಿದ ಮೇಲೆ, ಕಾಫಿ ರೇಟಿನ ಬಗ್ಗೆ ನಾನು ಬರೆದಿದ್ದ ಎರಡು ಪುಟ ವಿವರಣೆಯನ್ನು ಹೊಡೆದುಹಾಕಿದೆ. ದೊಡ್ಡ ಹೆಸರಿನ ಫೆಲೋಶಿಪ್‌ನಲ್ಲಿ ಪಾಠವೇ ಇಲ್ಲದಿದ್ದರೆ ನನಗೆ ಈ ಸಾಲು ಸಿಗುತ್ತಿತ್ತಾ, ಗೊತ್ತಿಲ್ಲ.

ವರ್ಕ್‌ಶಾಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ಎಲ್ಲಾ ಕಡೆ ಹೆಚ್ಚು ಕಡಿಮೆ ಒಂದೇ. ಹತ್ತು-ಹನ್ನೆರಡು ಜನ, ನಿಮ್ಮ ಇಪ್ಪತ್ತು ಪುಟ, ಅವರು ಅದರ ಬಗ್ಗೆ ಚರ್ಚೆ ಮಾಡುವಾಗ ನೀವು ಬಾಯಿ ಮುಚ್ಚಿ ಕೇಳಬೇಕು. ಮುಖ್ಯವಾದದ್ದು ಕ್ಲಾಸಿನಲ್ಲಿ ಎಲ್ಲರಿಗೂ ಒಂದೇ ದುಡ್ಡು ಸಿಗುತ್ತದಾ ಅನ್ನೋದು. ಒಬ್ಬರಿಗೆ ಪೂರ್ತಿ, ಒಬ್ಬರಿಗೆ ಅರ್ಧ, ಇನ್ನೊಬ್ಬರಿಗೆ ಸೊನ್ನೆ ಇರುವ ಕಡೆ ಎರಡನೇ ವರ್ಷದ ದುಡ್ಡಿಗೆ ಪೈಪೋಟಿ ಇರುತ್ತದೆ, ಆಗ ಒಬ್ಬರ ಕಥೆಯನ್ನು ಇನ್ನೊಬ್ಬರು ನೇರ ಮನಸ್ಸಿನಿಂದ ಓದೋದು ಕಷ್ಟ. ನನ್ನ ಕಡೆ ಎಲ್ಲರಿಗೂ ಒಂದೇ ಸ್ಟೈಪೆಂಡ್. ಹೆಸರು ದೊಡ್ಡದಿದ್ದ ಕಡೆ ಹಾಗಿರಲಿಲ್ಲ. ನನ್ನ ತಕ್ಕಡಿಯಲ್ಲಿ ಇದು ತುಂಬಾ ತೂಗಿತು.

ವೇಟಿಂಗ್ ಲಿಸ್ಟ್ ಇಟ್ಟವರು ಕೊಡುವ ದುಡ್ಡು ನನ್ನ ಸಣ್ಣ ಊರಿನದಕ್ಕಿಂತ ಚೆನ್ನಾಗಿತ್ತು, ಅದಕ್ಕೆ ಕೊನೆಯ ತನಕ ಕಾದೆ. ಕಾಯಲು ಒಂದು ಆಧಾರ ಇದೆ. ಅಮೆರಿಕದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್‌ನ ನಿರ್ಣಯಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು, ದುಡ್ಡು ಸೇರಿದ ಆಫರ್‌ಗೆ ಏಪ್ರಿಲ್ 15ಕ್ಕಿಂತ ಮೊದಲು ಉತ್ತರ ಕೊಡಲೇಬೇಕು ಅಂತ ಒತ್ತಾಯ ಮಾಡುವ ಹಾಗಿಲ್ಲ. ಇಂಗ್ಲೆಂಡಿಗೆ ಇದು ಅನ್ವಯಿಸುವುದಿಲ್ಲ, ಅವರು ಡೆಪಾಸಿಟ್ ಕಟ್ಟು ಅಂತ ಮೊದಲೇ ಕೇಳಬಹುದು. ನಾನು ಕಾದದ್ದು ವ್ಯರ್ಥವಾಯಿತು, 15ರ ರಾತ್ರಿ ತನಕ ಏನೂ ಬರಲಿಲ್ಲ. ಆದರೆ ಬೇಡ ಅನ್ನಿಸಿದ ಆಫರ್‌ಗಳನ್ನು ಮಾತ್ರ ಹಿಡಿದುಕೊಂಡು ಕೂರಬೇಡಿ. ನಾನು ದೊಡ್ಡ ನಗರಕ್ಕೆ ಮಾರ್ಚ್‌ನಲ್ಲೇ "ಬರುವುದಿಲ್ಲ" ಅಂತ ಬರೆದೆ. ಅಲ್ಲೂ ಯಾರೋ ಲಿಸ್ಟ್‌ನಲ್ಲಿ ಕಾಯ್ತಾ ಇರುತ್ತಾರೆ ಅಲ್ವಾ.

ಒಪ್ಪಿಕೊಂಡ ಮೇಲೆ ಐ-20 ಬರುತ್ತದೆ, ವೀಸಾಕ್ಕೆ ಬೇಕು ಅಂತ ವಿಶ್ವವಿದ್ಯಾಲಯ ಕೊಡುವ ಪತ್ರ ಅದು. ಅದರಲ್ಲಿ ಅವರು ಬರೆಯುವ ವರ್ಷದ ಖರ್ಚು ಸ್ಟೈಪೆಂಡ್‌ಗಿಂತ ಜಾಸ್ತಿ ಇರಬಹುದು, ನನ್ನದರಲ್ಲಿ ಇತ್ತು. ನಡುವಿನ ಅಂತರಕ್ಕೆ ಮನೆಯ ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಬೇಕು. ಕಾಫಿ ಬೆಳೆಯುವ ಮನೆಗಳ ಬ್ಯಾಂಕ್ ಖಾತೆ ವರ್ಷಪೂರ್ತಿ ಒಂದೇ ಥರ ಇರೋದಿಲ್ಲ, ನಿಮಗೇ ಗೊತ್ತು. ರೊಬಸ್ಟಾ ಕೊಯ್ದು ಚೆರಿ ಮಾರಿದ ಮೇಲೆ ತುಂಬಿರುತ್ತದೆ, ಗೊಬ್ಬರ ಮತ್ತು ಆಳುಗಳ ಕೂಲಿ ಕೊಟ್ಟು ಮಳೆಗಾಲ ಕಳೆಯುವಷ್ಟರಲ್ಲಿ ಖಾಲಿ. ಅದೃಷ್ಟಕ್ಕೆ ಐ-20ಗೆ ಕೇಳೋದು ಏಪ್ರಿಲ್–ಮೇನಲ್ಲಿ. ಆ ತಿಂಗಳ ಸ್ಟೇಟ್‌ಮೆಂಟ್ ತೆಗೆಸಿಟ್ಟುಕೊಳ್ಳಿ. ಆಮೇಲೆ ವಿದೇಶಿ ವಿದ್ಯಾರ್ಥಿಗಳ ದಾಖಲಾತಿಗೆ ಅಮೆರಿಕ ಸರ್ಕಾರಕ್ಕೆ ಕಟ್ಟುವ ಸೆವಿಸ್ ಫೀ 350 ಡಾಲರ್, ವೀಸಾ ಫೀ, ಚೆನ್ನೈಗೆ ಹೋಗಿ ಬರುವ ಖರ್ಚು, ಟಿಕೆಟ್. ಇದ್ಯಾವುದೂ "ಫುಲ್ ಫಂಡಿಂಗ್" ಒಳಗೆ ಬರುವುದಿಲ್ಲ.

ಇನ್ನೊಂದು ಪ್ರಶ್ನೆಯನ್ನು ಪ್ರೊಫೆಸರ್‌ಗಳಿಗೆ ಅಲ್ಲ, ಅಲ್ಲಿ ಈಗ ಎರಡನೇ ವರ್ಷದಲ್ಲಿರುವ ವಿದ್ಯಾರ್ಥಿಗೇ ಮೇಲ್ ಮಾಡಿ ಕೇಳಿ: ಮೊದಲ ಸ್ಟೈಪೆಂಡ್ ಯಾವ ತಾರೀಕಿಗೆ ಬಂತು? ನನಗೆ ಸಿಕ್ಕ ಉತ್ತರ, ಸೆಪ್ಟೆಂಬರ್ ಕೊನೆ. ಆಗಸ್ಟ್ ಮೊದಲ ವಾರ ಇಳಿದು, ಬಾಡಿಗೆ ಮನೆಗೆ ಡೆಪಾಸಿಟ್ ಕಟ್ಟಿ, ಹಾಸಿಗೆ ಪಾತ್ರೆ ಕೊಂಡು, ಎರಡು ತಿಂಗಳು ಕೈಯಿಂದಲೇ ಹಾಕಬೇಕು. ಅಪ್ಪ ಒಳ್ಳೆ ರೇಟ್ ಬರಲಿ ಅಂತ ಅಟ್ಟದಲ್ಲಿ ಇಟ್ಟಿದ್ದ ಮೆಣಸಿನ ಚೀಲಗಳನ್ನು ಜುಲೈನಲ್ಲಿ ಮಾರಿದರು. ರೇಟ್ ಅಷ್ಟೇನೂ ಚೆನ್ನಾಗಿರಲಿಲ್ಲ. ಆ ದುಡ್ಡನ್ನು ಈ ವರ್ಷದ ಸ್ಟೈಪೆಂಡ್‌ನಿಂದ ವಾಪಸ್ ಕೊಟ್ಟೆ, ಬೇಸಿಗೆಯ ಮೂರು ತಿಂಗಳು ಮನೆಯ ಊಟ ಮಾಡಿಕೊಂಡು ಇರೋದು ಲೆಕ್ಕಕ್ಕೆ ಸೇರಿಸಿದರೆ ಮಾತ್ರ ಇನ್ನೂ ಬಾಕಿ ಇದೆ ಅನ್ನುತ್ತಾರೆ ಅವರು.