ಬ್ರೇಕ್ ಒತ್ತಿದರೆ ಆಫ್ ಆಗುವ ಕಾರಿಗೆ ಐಡ್ಲಿಂಗ್ ಏರಿಸಿಕೊಂಡು ಘಾಟಿ ಇಳಿಯಬೇಡಿ

ತೀರ್ಥಹಳ್ಳಿ ಕಡೆಯ ಹಳೇ ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಕಾರೊಂದಕ್ಕೆ ಆದದ್ದಿದು. ಬ್ರೇಕ್ ಒತ್ತಿದಾಗಲೆಲ್ಲ ಎಂಜಿನ್ ನಡುಗಿ ಇನ್ನೇನು ನಿಂತೇಹೋಯಿತು ಅನ್ನಿಸುತ್ತಿತ್ತು. ಗ್ಯಾರೇಜಿನಲ್ಲಿ ಸ್ಕ್ರೂ ತಿರುಗಿಸಿ ಐಡ್ಲಿಂಗ್ (ಆಕ್ಸಿಲರೇಟರ್ ತುಳಿಯದಾಗ ಎಂಜಿನ್ ತಿರುಗುವ ವೇಗ) ಏರಿಸಿ ಕಳಿಸಿದರು. ಊರೊಳಗೆ ತೊಂದರೆ ಕಾಣಲಿಲ್ಲ. ಆಗುಂಬೆ ಘಾಟಿಯ ತಿರುವಿನಲ್ಲಿ ಕ್ಲಚ್, ಬ್ರೇಕ್ ಒಟ್ಟಿಗೆ ಒತ್ತಿದಾಗ ಎಂಜಿನ್ ನಿಂತಿತು. ಎರಡು ಮೂರು ಸಲ ತುಳಿಯುವಷ್ಟರಲ್ಲಿ ಬ್ರೇಕ್ ತುಳಿತಕ್ಕೆ ಬಲ ಕೂಡಿಸುವ ಬೂಸ್ಟರಿನ ವ್ಯಾಕ್ಯೂಮ್ (ಎಂಜಿನ್ ತಿರುಗುವಾಗ ಗಾಳಿ ಎಳೆದು ಉಂಟುಮಾಡುವ ನಿರ್ವಾತ) ಖಾಲಿಯಾಗಿ ಪೆಡಲ್ ಕಲ್ಲಾಯಿತು. ಗಾಡಿ ಗುಡ್ಡದ ಬದಿಯ ಚರಂಡಿಗೆ ಇಳಿದು ನಿಂತಿತು, ಯಾರಿಗೂ ಪೆಟ್ಟಾಗಲಿಲ್ಲ. ಇನ್ನೊಂದು ಬದಿಗೆ ಹೋಗಿದ್ದರೆ ಕಣಿವೆ.

ಐಡ್ಲಿಂಗ್ ಏರಿಸುವುದು ರಿಪೇರಿಯಲ್ಲ, ರೋಗ ಮುಚ್ಚುವುದು. ಮೊದಲು ಗಾಡಿ ನಿಲ್ಲಿಸಿ, ಎಂಜಿನ್ ಬಿಸಿಯಾದ ಮೇಲೆ ಬ್ರೇಕ್ ಒತ್ತಿ ಹಿಡಿಯಿರಿ. ನಿಂತಲ್ಲೇ ಐಡ್ಲಿಂಗ್ ಕುಸಿದು, ಪೆಡಲ್ ಹತ್ತಿರ ಬುಸ್ ಎನ್ನುವ ಸದ್ದು ಬಂದರೆ ಬೂಸ್ಟರಿನ ಡಯಾಫ್ರಾಮ್ (ಒಳಗಿನ ರಬ್ಬರ್ ಪರದೆ) ಹರಿದಿರಬಹುದು. ಅಲ್ಲಿಂದ ಎಂಜಿನ್ನಿಗೆ ಸೇರುವ ಗಾಳಿ, ಪೆಟ್ರೋಲ್ ಮಿಶ್ರಣವನ್ನು ತೆಳುವಾಗಿಸುತ್ತದೆ. ಬೂಸ್ಟರಿನ ಹೋಸ್, ಒನ್‌ವೇ ವಾಲ್ವ್ ಕೂಡ ನೋಡಿ. ಇಂಥ ಗಾಡಿಯಲ್ಲಿ ಕಾರ್ಬ್ಯುರೇಟರ್ ಬಿಚ್ಚುವುದು ದುಡ್ಡು ದಂಡ.

ನಿಂತಾಗ ಸರಿಯಿದ್ದು, ಓಡುವಾಗ ಬ್ರೇಕ್ ಒತ್ತಿದರೆ ಮಾತ್ರ ಹೀಗಾದರೆ ಕಾಯಿಲೆ ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರಿನಲ್ಲಿರಬಹುದು. ಗಾಡಿ ತಡೆದಾಗ ಪೆಟ್ರೋಲ್ ಮುಂದಕ್ಕೆ ನುಗ್ಗುತ್ತದೆ. ಮಟ್ಟ ಹೆಚ್ಚಿದ್ದರೆ ಉಕ್ಕಿ ಎಂಜಿನ್ನಿಗೆ ಸುರಿಯುತ್ತದೆ: ಕಪ್ಪು ಹೊಗೆ, ಪೆಟ್ರೋಲ್ ವಾಸನೆ. ಕಡಿಮೆಯಿದ್ದರೆ ಜೆಟ್‌ಗೆ (ಪೆಟ್ರೋಲ್ ಹರಿಯುವ ಸಣ್ಣ ತೂತಿಗೆ) ಪೆಟ್ರೋಲೇ ಸಿಗುವುದಿಲ್ಲ. ಗಾಳಿ ತಗ್ಗಿಸುವ ಚೋಕ್ ಅರ್ಧ ಎಳೆದಾಗ ಎಂಜಿನ್ ಸುಧಾರಿಸಿಕೊಂಡರೆ ಮಟ್ಟ ಕಡಿಮೆಯಿದೆ ಎಂದುಕೊಳ್ಳಿ. ಮಲೆನಾಡಿನಲ್ಲಿ ಪರೀಕ್ಷೆಗೆ ಜಾಗ ಹುಡುಕಬೇಕಿಲ್ಲ. ಇಳಿಜಾರಿನಲ್ಲಿ ಮೂತಿ ಕೆಳಗಾಗಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಐಡ್ಲಿಂಗಿನಲ್ಲಿ ಬಿಟ್ಟು ಎಂಜಿನ್ ಹಾಗೆಯೇ ನಡುಗುತ್ತದೆಯೇ ನೋಡಿ.

ಕಾರ್ಬ್ಯುರೇಟರ್ ಬಿಚ್ಚಿದ ಮೇಲೆ ಫ್ಲೋಟನ್ನು (ಪೆಟ್ರೋಲ್ ಮೇಲೆ ತೇಲುವ ಟೊಳ್ಳು ಭಾಗ) ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ಅದು ತೂತಾಗಿದೆ, ಬದಲಿಸಿ. ಪೆಟ್ರೋಲ್ ಒಳಬರುವ ದಾರಿ ಮುಚ್ಚುವ ನೀಡಲ್ ತುದಿಯಲ್ಲಿ ಉಂಗುರದಂಥ ಗೆರೆ ಬಿದ್ದಿದ್ದರೆ ನೀಡಲ್, ಅದು ಕೂರುವ ಸೀಟ್ ಎರಡನ್ನೂ ಹೊಸದು ಹಾಕಿ. ಸೀಟಿನ ಕೆಳಗಿನ ವಾಷರ್ ದಪ್ಪ ಬದಲಾದರೂ ಮಟ್ಟ ಬದಲಾಗುತ್ತದೆ, ಹಾಗಾಗಿ ಹಳೆಯದರಷ್ಟೇ ದಪ್ಪದ್ದು ಹಾಕಿ. ಮಟ್ಟದ ಅಳತೆ ಆಯಾ ಕಾರ್ಬ್ಯುರೇಟರಿನ ಮ್ಯಾನುಯಲ್ ಪ್ರಕಾರವೇ ಇರಲಿ. ಆ ಅಳತೆಯ ಡ್ರಿಲ್ ಬಿಟ್‌ನ ನುಣುಪು ಹಿಂಬದಿ ಒಳ್ಳೇ ಗೇಜ್. ಬಗ್ಗಿಸಬೇಕಾದ್ದು ಫ್ಲೋಟ್ ತೋಳಿನ ಸಣ್ಣ ನಾಲಿಗೆಯನ್ನು, ಅದೂ ನೀಡಲ್ ಮೇಲೆ ಭಾರ ಬೀಳದಂತೆ. ಜೆಟ್‌ಗೆ ತಂತಿ ತೂರಿಸುವವರನ್ನು ದಯವಿಟ್ಟು ತಡೆಯಿರಿ. ಹಿತ್ತಾಳೆ ತೂತು ದೊಡ್ಡದಾದರೆ ಮತ್ತೆ ಸರಿಯಾಗದು. ಕ್ಲೀನರ್, ಗಾಳಿ ಸಾಕು. ಜೋಡಿಸುವಾಗ ಬೇಸ್ ನಟ್‌ಗಳನ್ನು ಅಡ್ಡಡ್ಡವಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ, ಇಲ್ಲದಿದ್ದರೆ ಫ್ಲಾಂಜ್ (ತಳದ ಚಪ್ಪಟೆ ಅಂಚು) ಬಾಗಿ ಗಾಳಿ ಸೇರುತ್ತದೆ.

ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತ ಗಾಡಿಯ ಚೇಂಬರ್ ತಳದಲ್ಲಿ ನೀರು ಸಿಗುವುದುಂಟು. ಎಥನಾಲ್ ಬೆರೆತ ಪೆಟ್ರೋಲ್ ತೇವ ಎಳೆದುಕೊಳ್ಳುತ್ತದೆ, ಹಳೇ ರಬ್ಬರ್ ಭಾಗಗಳನ್ನೂ ಹಾಳುಮಾಡುತ್ತದೆ. ಬ್ರೇಕ್ ಒತ್ತಿದಾಗ ಆ ನೀರು ಜೆಟ್‌ಗೆ ಬಂದರೆ ಎಂಜಿನ್ ಮುಗ್ಗರಿಸುತ್ತದೆ.

ಇದೆಲ್ಲ ಆದ ಮೇಲೆ ಐಡ್ಲಿಂಗನ್ನು ಮ್ಯಾನುಯಲ್ ಹೇಳಿದ ಆರ್‌ಪಿಎಮ್‌ಗೆ ಇಳಿಸಿ. ಘಾಟಿಯಲ್ಲಿ ಎಂಜಿನ್ ನಿಂತೇಬಿಟ್ಟರೆ ಗೇರಿನಲ್ಲೇ ಇದ್ದು ಕ್ಲಚ್ ಬಿಡಿ. ಚಕ್ರಗಳೇ ಎಂಜಿನ್ ತಿರುಗಿಸಿ ವ್ಯಾಕ್ಯೂಮ್ ಉಳಿಸುತ್ತವೆ. ಪೆಡಲ್ ಪಂಪ್ ಮಾಡದೆ ಒಂದೇ ಸಮನೆ ಗಟ್ಟಿಯಾಗಿ ತುಳಿಯಿರಿ, ಹ್ಯಾಂಡ್‌ಬ್ರೇಕ್ ನಿಧಾನಕ್ಕೆ ಎಳೆಯಿರಿ.