ವಿಡಿಯೊ ಕ್ಲಾಸ್, ಆಫ್‌ಲೈನ್ ಪಾಠ, ಬರೀ ಫೋನ್ ಕರೆ: ಮೂರನ್ನೂ ಮಾಡಿ ನೋಡಿದೆ

ಮನೆಯಲ್ಲಿ ಕಂಪ್ಯೂಟರ್ ಇಲ್ಲದ, ನೆಟ್ ಸರಿಯಾಗಿ ಸಿಗದ ಒಂಬತ್ತು ಮಕ್ಕಳಿಗೆ ಗಣಿತ ಹೇಳಿಕೊಡಲು ಮೂರು ದಾರಿ ಹಿಡಿದೆ. ಒಂದೊಂದೂ ಎರಡು ತಿಂಗಳು.

ಮೊದಲು ವಿಡಿಯೊ ಕ್ಲಾಸ್. 2020ರಲ್ಲಿ ಶಾಲೆಗಳು ಮುಚ್ಚಿದಾಗ, ಜಗತ್ತಿನಲ್ಲಿ ಮನೆಯಲ್ಲಿ ಕಂಪ್ಯೂಟರ್ ಇಲ್ಲದ ವಿದ್ಯಾರ್ಥಿಗಳು 82 ಕೋಟಿಗೂ ಜಾಸ್ತಿ, ಇಂಟರ್ನೆಟ್ ಇಲ್ಲದವರು 70 ಕೋಟಿಗೂ ಜಾಸ್ತಿ ಅಂತ ಯುನೆಸ್ಕೊ ಹೇಳಿತ್ತು. ಅಷ್ಟು ದೊಡ್ಡ ಲೆಕ್ಕ ಆಗ ನನ್ನ ತಲೆಗೆ ಹೋಗಿರಲಿಲ್ಲ. ಒಂಬತ್ತರಲ್ಲಿ ನಾಲ್ಕೇ ಮಕ್ಕಳು ಕ್ಲಾಸಿಗೆ ಬಂದಾಗ ಅರ್ಥವಾಯಿತು. ಮನೆಗೆಲ್ಲ ಒಂದೇ ಫೋನ್, ಅದು ಅಪ್ಪನ ಜೊತೆ ಕೆಲಸಕ್ಕೆ ಹೋಗಿರುತ್ತದೆ, ಸಂಜೆ ವಾಪಸ್ ಬಂದರೆ ಅಣ್ಣನಿಗೂ ಬೇಕು ತಂಗಿಗೂ ಬೇಕು, ಅಷ್ಟರಲ್ಲಿ ಚಾರ್ಜ್ ಖಾಲಿ. ಬಂದ ನಾಲ್ವರೂ ಕ್ಯಾಮೆರಾ ಆಫ್ ಮಾಡಿ, ಏನು ಕೇಳಿದರೂ 'ಗೊತ್ತಾಯ್ತು ಮಿಸ್' ಅನ್ನುತ್ತಿದ್ದರು. ನಾನು ನಂಬಿದೆ.

ಆಮೇಲೆ ಕೊಲಿಬ್ರಿ ಅನ್ನುವ ಕಲಿಕೆಯ ಸಾಫ್ಟ್‌ವೇರ್. ಇದಕ್ಕೆ ಇಂಟರ್ನೆಟ್ ಬೇಡ. ಪಾಠಗಳನ್ನು ಒಮ್ಮೆ ಇಳಿಸಿಕೊಂಡು ರಾಸ್ಪ್‌ಬೆರಿ ಪೈನಂಥ ಪುಟ್ಟ ಕಂಪ್ಯೂಟರಿನಲ್ಲಿ ಇಟ್ಟರೆ ಸಾಕು, ಮಕ್ಕಳು ವೈಫೈ ಮೂಲಕ ಬ್ರೌಸರಿನಲ್ಲೇ ತೆರೆದು ನೋಡಬಹುದು. ಒಳ್ಳೆಯ ವ್ಯವಸ್ಥೆ, ಅದರಲ್ಲಿ ಅನುಮಾನವಿಲ್ಲ. ಆದರೆ ಎಲ್ಲರೂ ಕೂರಲು ಒಂದು ಕೋಣೆ ಬೇಕು, ಸಾಕಷ್ಟು ಟ್ಯಾಬ್ ಬೇಕು. ನಮ್ಮ ಹತ್ತಿರ ಇದ್ದದ್ದು ಮೂರು. ಧೈರ್ಯವಿದ್ದವರು ಹಿಡಿದುಕೊಂಡರು, ನಾಚಿಕೆಯವರು ಹಿಂದೆ ನಿಂತು ಇಣುಕಿದರು.

ಕೊನೆಗೆ ಮಾಮೂಲಿ ಫೋನ್ ಕರೆ. ಆಫ್ರಿಕಾದ ಬೋಟ್ಸ್ವಾನಾದಲ್ಲಿ 2020ರಲ್ಲಿ ಸುಮಾರು 4,500 ಮನೆಗಳಲ್ಲಿ ಇದನ್ನು ಪರೀಕ್ಷಿಸಿದ್ದರು. ಬರೀ ಎಸ್ಸೆಮ್ಮೆಸ್‌ನಲ್ಲಿ ಲೆಕ್ಕ ಕಳಿಸಿದ ಕಡೆ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಅದರ ಜೊತೆ ವಾರಕ್ಕೊಮ್ಮೆ 15–20 ನಿಮಿಷ ಕರೆ ಮಾಡಿದ ಕಡೆ ಮಕ್ಕಳ ಕಲಿಕೆ ಸುಧಾರಿಸಿತ್ತು. ನಾನೂ ಹಾಗೇ ಮಾಡಿದೆ.

ಮೊದಲ ವಾರವೇ, ವಿಡಿಯೊ ಕ್ಲಾಸಿನಲ್ಲಿ ಎಲ್ಲ ಗೊತ್ತಾಯ್ತು ಅನ್ನುತ್ತಿದ್ದ ಆರನೇ ತರಗತಿಯ ಹುಡುಗಿಗೆ 42ರಲ್ಲಿ 17 ಕಳೆ ಅಂದೆ. 35 ಅಂದಳು. ಹೇಗೆ ಬಂತು, ಜೋರಾಗಿ ಹೇಳಮ್ಮ ಅಂದೆ. 'ಏಳರಲ್ಲಿ ಎರಡು ಹೋದರೆ ಐದು, ನಾಲ್ಕರಲ್ಲಿ ಒಂದು ಹೋದರೆ ಮೂರು.' ಮೇಲಿನದು ಯಾವುದು, ಕೆಳಗಿನದು ಯಾವುದು ಅಂತ ನೋಡದೆ, ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತಿದ್ದಳು. ಅವಳ ತಪ್ಪೇನೂ ಅಲ್ಲ, ಇಷ್ಟು ವರ್ಷ ಯಾರೂ ಅವಳನ್ನು ಕೂರಿಸಿಕೊಂಡು ಕೇಳಿರಲಿಲ್ಲ, ಅಷ್ಟೇ. ಎರಡು ತಿಂಗಳು ಅವಳಿಗೆ ನಾನು ಭಿನ್ನರಾಶಿ ಪಾಠ ಮಾಡಿದ್ದೆ! ನೆನೆದರೆ ಈಗಲೂ ಸಂಕಟವಾಗುತ್ತದೆ.

ಹಾಗಾಗಿ ನನ್ನ ಆಯ್ಕೆ ಫೋನ್ ಕರೆ. ಒಂಬತ್ತೂ ಮಕ್ಕಳು ಸಿಕ್ಕಿದ್ದು ಇದರಲ್ಲೇ, ಹಳೇ ಬಟನ್ ಫೋನ್ ಇದ್ದರೂ ಸಾಕು. ಕೋಣೆ, ಟ್ಯಾಬ್ ಎರಡೂ ಇದ್ದರೆ ಕೊಲಿಬ್ರಿ ಜೊತೆಗಿರಲಿ, ಅಭ್ಯಾಸಕ್ಕೆ ಚೆನ್ನಾಗಿದೆ. ಕರೆಯ ತೊಂದರೆ ಒಂದೇ, ಸಮಯ. ಗಂಟೆಗೆ ಮೂರೇ ಮಕ್ಕಳು. ಅದಕ್ಕೇ ಇಬ್ಬರು ಗೆಳತಿಯರನ್ನು ಎಳೆದುಕೊಂಡು ಬಂದಿದ್ದೇನೆ, ಬುಧವಾರದ ಕರೆಗಳು ಈಗ ಅವರದು.