ಬಟವಾಡೆಯ ರಾತ್ರಿಯ ಮೂವತ್ತಮೂರನೆಯ ನಿಮಿಷ: ಅಮೆಜಾನ್ ಆರ್‌ಡಿಎಸ್‌ನಲ್ಲಿ ಯಂತ್ರ ಆರಿಸಿದ ಅನುಭವ

ಹಾಸನದಲ್ಲಿ ನಾವು ನಾಲ್ವರು ಸೇರಿ ಹಾಲು ಸಂಗ್ರಹ ಕೇಂದ್ರಗಳ ಲೆಕ್ಕದ ತಂತ್ರಾಂಶ ನಡೆಸುತ್ತೇವೆ. ರೈತರು ಕ್ಯಾನು ತಂದು ಹಾಲು ಸುರಿಯುತ್ತಾರೆ, ಕೇಂದ್ರದ ಉಪಕರಣ ಲೀಟರು, ಕೊಬ್ಬು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಅಳೆದು ಚೀಟಿ ಕೊಡುತ್ತದೆ. ಆ ಚೀಟಿಯ ಪ್ರತಿ ಸಾಲೂ ನಮ್ಮ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಬರುತ್ತದೆ. ಈಗ 340 ಕೇಂದ್ರಗಳಿವೆ. ಒಂದೊಂದರಲ್ಲಿ ಸರಾಸರಿ 90 ಮಂದಿ, ದಿನಕ್ಕೆ ಎರಡು ಹೊತ್ತು. ಅಂದರೆ ದಿನಕ್ಕೆ 61,200 ಸಾಲು, ವರ್ಷಕ್ಕೆ 2 ಕೋಟಿ 23 ಲಕ್ಷ. ಹತ್ತು ದಿನಕ್ಕೊಮ್ಮೆ ರಾತ್ರಿ ಬಟವಾಡೆ ಲೆಕ್ಕ ಹಾಕುತ್ತೇವೆ.

ಕಚೇರಿಯ ಮೂಲೆಯಲ್ಲಿದ್ದ ಸರ್ವರನ್ನು ಬಿಟ್ಟು ಡೇಟಾಬೇಸನ್ನು ಬಾಡಿಗೆ ಯಂತ್ರದಲ್ಲಿ ನಡೆಸಿಕೊಡುವ ಅಮೆಜಾನಿನ ಆರ್‌ಡಿಎಸ್ ಸೇವೆಗೆ, ಅದರ ಮುಂಬೈ ನೆಲೆಗೆ ಹೋದಾಗ ದೊಡ್ಡ ನೆಮ್ಮದಿಯಾಯಿತು. ಬ್ಯಾಕಪ್ಪು, ತಂತ್ರಾಂಶದ ದೋಷಗಳಿಗೆ ತೇಪೆ ಹಚ್ಚುವುದು, ಡಿಸ್ಕ್ ಕೆಟ್ಟರೆ ಬದಲಿಸುವುದು, ಯಾವುದೂ ನಮ್ಮ ತಲೆಯ ಮೇಲಿಲ್ಲ. ಆದರೆ ಎಷ್ಟು ದೊಡ್ಡ ಯಂತ್ರ, ಎಂಥ ಡಿಸ್ಕ್ ಎಂಬ ತೀರ್ಮಾನ ಮಾತ್ರ ನಮ್ಮದೇ. ಅದನ್ನು ನಾವು ಅರ್ಧ ಗಂಟೆಯಲ್ಲಿ ಮಾಡಿ ಮುಗಿಸಿದೆವು: ಟಿ4ಜಿ ಮೀಡಿಯಂ ಯಂತ್ರ, ಎರಡು ವಿಸಿಪಿಯು (ಬಾಡಿಗೆಗೆ ಸಿಗುವ ಪ್ರೊಸೆಸರ್ ಪಾಲು), 4 ಜಿಬಿ ಮೆಮೊರಿ, ಜಿಪಿ2 ಎಂಬ ಬಗೆಯ 100 ಜಿಬಿ ಡಿಸ್ಕ್. ಕಡಿಮೆ ಬಾಡಿಗೆ ನೋಡಿ ಆರಿಸಿದ್ದು.

ಹಗಲಿನ ಕೆಲಸಕ್ಕೆ ಈ ಯಂತ್ರ ಚೆನ್ನಾಗಿಯೇ ನಡೆಯಿತು, ಇದನ್ನು ಒತ್ತಿ ಹೇಳಬೇಕು. ಟಿ ವರ್ಗದ ಯಂತ್ರಗಳೆಂದರೆ ಮೂಗು ಮುರಿಯುವವರು ಬಹಳ. ಟಿ4ಜಿ ಮೀಡಿಯಂನಲ್ಲಿ ಪ್ರತಿ ವಿಸಿಪಿಯುವಿನ ಶೇ. 20ರಷ್ಟು ಶಕ್ತಿ ಸದಾ ನಿಮ್ಮದು. ಅದಕ್ಕಿಂತ ಕಡಿಮೆ ಬಳಸಿದ ಹೊತ್ತಿನಲ್ಲಿ ಕ್ರೆಡಿಟ್ ಉಳಿಯುತ್ತದೆ, ಹೆಚ್ಚು ಬೇಕಾದಾಗ ಅದನ್ನು ಖರ್ಚು ಮಾಡಬಹುದು. ಗಂಟೆಗೆ 24 ಕ್ರೆಡಿಟ್, ಒಟ್ಟು 576ರವರೆಗೆ ಕೂಡಿಡಬಹುದು. ಬೆಳಗ್ಗೆ ಆರರಿಂದ ಎಂಟೂವರೆ, ಸಂಜೆ ಐದರಿಂದ ಏಳೂವರೆ ಬಿಟ್ಟರೆ ನಮ್ಮ ಡೇಟಾಬೇಸಿಗೆ ಕೆಲಸವೇ ಇಲ್ಲ. ಹೀಗೆ ದುಡಿದು ವಿಶ್ರಮಿಸುವ ಕೆಲಸಕ್ಕೆ ಹೇಳಿ ಮಾಡಿಸಿದ ಯಂತ್ರ ಅದು. ನಮ್ಮ ಕ್ರೆಡಿಟ್ ಒಮ್ಮೆಯೂ ತಳ ಕಂಡಿಲ್ಲ.

ತೊಂದರೆ ಬಂದದ್ದು ಬಟವಾಡೆಯ ರಾತ್ರಿ. ಹತ್ತು ಗಂಟೆಗೆ ಲೆಕ್ಕ ಶುರು ಮಾಡಿದರೆ ಮೊದಲ ಅರ್ಧ ಗಂಟೆ ಸರಸರನೆ ಓಡುತ್ತಿತ್ತು. ಆಮೇಲೆ ಕೆಸರಿನಲ್ಲಿ ಸಿಕ್ಕ ಗಾಡಿಯಂತೆ ತೆವಳಿ, ಮುಗಿಯುವಾಗ ಬೆಳಗಿನ ಜಾವ ಮೂರು. ಕ್ವೆರಿಗಳನ್ನು ತಿದ್ದಿದೆವು, ಸಾಲುಗಳನ್ನು ಬೇಗ ಹುಡುಕಿಕೊಡುವ ಇಂಡೆಕ್ಸ್ ಎರಡು ಸೇರಿಸಿದೆವು. ಮುಂದಿನ ಬಟವಾಡೆಯಲ್ಲೂ ಅದೇ ಹೊತ್ತಿಗೆ ಅದೇ ತೆವಳಾಟ. ಒಮ್ಮೆ ರಾತ್ರಿ ಒಂದು ಗಂಟೆಗೆ ಶುರು ಮಾಡುವಂತಾಯಿತು. ಬೆಳಗ್ಗೆ ಆರಕ್ಕೆ ಕೇಂದ್ರಗಳು ತೆರೆದಾಗಲೂ ಲೆಕ್ಕ ನಡೆಯುತ್ತಲೇ ಇತ್ತು. ಚೀಟಿ ಬರುವುದು ತಡವಾಗಿ ಜನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದಾರೆ ಎಂದು ಆರೂಕಾಲಿಗೆ ಮೊದಲ ಫೋನ್ ಬಂತು. ಅವರಿಗೆ ಮನೆಯಲ್ಲಿ ಇನ್ನೂ ಹತ್ತು ಕೆಲಸ ಕಾದಿರುತ್ತವೆ. ತಪ್ಪು ನಮ್ಮದೇ ಆಗಿತ್ತು.

ಅಂದು ಮಧ್ಯಾಹ್ನ ಕುಳಿತು ಅಮೆಜಾನಿನ ನಿಗಾ ಸೇವೆ ಕ್ಲೌಡ್‌ವಾಚ್‌ನ ನಕ್ಷೆಗಳನ್ನು ಒಂದೊಂದಾಗಿ ತೆರೆದೆ. ಸಿಪಿಯು ಶೇ. 35 ದಾಟಿರಲಿಲ್ಲ. ಕೊನೆಗೆ ಡಿಸ್ಕಿನ ತುರ್ತು ವೇಗದ ಕ್ರೆಡಿಟ್ ಶೇಕಡಾ ಎಷ್ಟು ಉಳಿದಿದೆ ಎಂದು ತೋರಿಸುವ ಬರ್ಸ್ಟ್ ಬ್ಯಾಲೆನ್ಸ್ ಎಂಬ ಗೆರೆ ಕಣ್ಣಿಗೆ ಬಿತ್ತು: ನೂರರಿಂದ ಸೊನ್ನೆಗೆ ಅಳತೆಪಟ್ಟಿ ಇಟ್ಟು ಎಳೆದಂತೆ ನೇರವಾಗಿ ಇಳಿದಿತ್ತು. ಜಿಪಿ2 ಡಿಸ್ಕ್ ಪ್ರತಿ ಜಿಬಿಗೆ ಸೆಕೆಂಡಿಗೆ 3 ಬಾರಿ ಓದುಬರಹ ಮಾಡುತ್ತದೆ. ನಮ್ಮ 100 ಜಿಬಿಗೆ ಅದು 300. ತುರ್ತಿಗೆ 3000ದವರೆಗೆ ಏರುತ್ತದೆ, ಆದರೆ 54 ಲಕ್ಷ ಕ್ರೆಡಿಟ್‌ಗಳ ಕೊಡ ಬರಿದಾಗುವವರೆಗೆ ಮಾತ್ರ. ಸೆಕೆಂಡಿಗೆ 3000 ತೆಗೆದು 300 ತುಂಬಿದರೆ 2000 ಸೆಕೆಂಡಿಗೆ ಕೊಡ ಖಾಲಿ. ಮೂವತ್ತಮೂರು ನಿಮಿಷ! ಹತ್ತು ದಿನಗಳ ಬಿಡುವಿನಲ್ಲಿ ಕೊಡ ಮತ್ತೆ ತುಂಬಿರುತ್ತಿದ್ದುದರಿಂದಲೇ ಪ್ರತಿ ಸಲವೂ ಅದೇ ನಿಮಿಷಕ್ಕೆ ನಿಲ್ಲುತ್ತಿತ್ತು. ಇದೆಲ್ಲ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ನಾವು ಓದಿರಲಿಲ್ಲ.

ಪರಿಚಯದ ಸಲಹೆಗಾರರೊಬ್ಬರು ಡಿಸ್ಕನ್ನು 1000 ಜಿಬಿಗೆ ಏರಿಸಿ, ಆಗ 3000 ಕಾಯಂ ಸಿಗುತ್ತದೆ ಎಂದರು. ಲೆಕ್ಕ ಸರಿ, ಆದರೆ ಆರ್‌ಡಿಎಸ್‌ನಲ್ಲಿ ಒಮ್ಮೆ ಏರಿಸಿದ ಡಿಸ್ಕನ್ನು ಅದೇ ಡೇಟಾಬೇಸಿನಲ್ಲಿ ನೇರವಾಗಿ ಇಳಿಸಲು ಬರುವುದಿಲ್ಲ. 60 ಜಿಬಿ ದತ್ತಾಂಶಕ್ಕೆ ಸಾವಿರ ಜಿಬಿಯ ಬಾಡಿಗೆ ಕಟ್ಟುತ್ತಾ ಕೂರಬೇಕು. 2022ರ ನವೆಂಬರ್‌ನಿಂದ ಆರ್‌ಡಿಎಸ್‌ನಲ್ಲಿ ಜಿಪಿ3 ಎಂಬ ಹೊಸ ಬಗೆಯ ಡಿಸ್ಕ್ ಇದೆ; ಅದರಲ್ಲಿ ಗಾತ್ರ ಚಿಕ್ಕದಿದ್ದರೂ 3000 ಕಾಯಂ. ಬಾಡಿಗೆ ಹೆಚ್ಚುಕಡಿಮೆ ಅಷ್ಟೇ. ಡೇಟಾಬೇಸ್ ನಿಲ್ಲಿಸದೆಯೇ ಬದಲಾಯಿಸಿದೆವು. ಐದು ಗಂಟೆಯ ಬಟವಾಡೆ ಒಂದೂಕಾಲು ಗಂಟೆಗೆ ಇಳಿಯಿತು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಇಷ್ಟೊಂದು ಓದು ಏಕೆ ಎಂಬ ಪ್ರಶ್ನೆ ಕೊರೆಯುತ್ತಿತ್ತು. ಬೋನಸ್ ಲೆಕ್ಕಕ್ಕಾಗಿ ನಾವು ಪ್ರತಿ ಬಟವಾಡೆಯಲ್ಲೂ ಆ ರೈತರ ಇಡೀ ವರ್ಷದ ಸಾಲುಗಳನ್ನು ನೋಡುತ್ತೇವೆ. ಆ ಕೋಷ್ಟಕವೂ ಅದರ ಇಂಡೆಕ್ಸ್‌ಗಳೂ ಸೇರಿ ಸುಮಾರು 9 ಜಿಬಿ. ಯಂತ್ರದ ಮೆಮೊರಿ 4 ಜಿಬಿ, ಅದರಲ್ಲಿ ಪೋಸ್ಟ್‌ಗ್ರೆಸ್ ಡಿಸ್ಕಿನಿಂದ ಓದಿದ ಪುಟಗಳನ್ನು ಹಿಡಿದಿಡುವ ತನ್ನ ಬಫರಿಗೆ ಇಟ್ಟುಕೊಳ್ಳುವುದು ಆರ್‌ಡಿಎಸ್‌ನ ಮಾಮೂಲು ಸೆಟ್ಟಿಂಗಿನಲ್ಲಿ ಕಾಲುಭಾಗ. ಅಂದರೆ ಒಂದು ಪುಟ ಒಳಗೆ ಬರಬೇಕಾದರೆ ಇನ್ನೊಂದು ಹೊರಗೆ ಹೋಗಬೇಕು, ಮರುಕ್ಷಣ ಹೊರಗೆ ಹೋದದ್ದೇ ಬೇಕಾಗುತ್ತದೆ. ನಾವು ಡಿಸ್ಕಿನ ಕಾಯಿಲೆ ಎಂದುಕೊಂಡದ್ದು ಮೆಮೊರಿಯ ಹಸಿವು.

ಇಲ್ಲಿ ಈ ಸೇವೆಯ ನಿಜವಾದ ಗುಣ ಗೊತ್ತಾಯಿತು. ಸ್ನ್ಯಾಪ್‌ಶಾಟ್‌ನಿಂದ, ಅಂದರೆ ಒಂದು ಕ್ಷಣದ ಡೇಟಾಬೇಸನ್ನು ಹಾಗೇ ಉಳಿಸಿಟ್ಟ ಬ್ಯಾಕಪ್ಪಿನಿಂದ, ಮೂರು ಪ್ರತಿ ಎಬ್ಬಿಸಿ, ಮೂರು ಗಾತ್ರದ ಯಂತ್ರಗಳಲ್ಲಿ ಒಂದೇ ಮಧ್ಯಾಹ್ನ ಹಳೆಯ ಬಟವಾಡೆಯನ್ನು ಓಡಿಸಿ ನೋಡಿ, ಸಂಜೆಗೆ ಅಳಿಸಿದೆವು. ಕೊಟ್ಟದ್ದು ಕೆಲವು ಗಂಟೆಗಳ ಬಾಡಿಗೆ. ಹೀಗೆ ಪರೀಕ್ಷಿಸುವವರು ಒಂದು ಮಾತು ನೆನಪಿಡಬೇಕು: ಸ್ನ್ಯಾಪ್‌ಶಾಟ್‌ನಿಂದ ಎದ್ದ ಡಿಸ್ಕ್ ಮೊದಲ ಬಾರಿ ಓದುವಾಗ ಹಿನ್ನೆಲೆಯ ಸಂಗ್ರಹದಿಂದ ತರಿಸಿಕೊಳ್ಳುತ್ತದೆ, ನಿಧಾನ. ಎರಡನೆಯ ಓಟವನ್ನೇ ಅಳೆಯಬೇಕು. 8 ಜಿಬಿಯ ಟಿ4ಜಿ ಲಾರ್ಜ್ 50 ನಿಮಿಷ ತೆಗೆದುಕೊಂಡಿತು. 16 ಜಿಬಿ ಮತ್ತು ಎರಡು ವಿಸಿಪಿಯುಗಳ ಆರ್6ಜಿ ಲಾರ್ಜ್ 28 ನಿಮಿಷ. ಅಷ್ಟೇ ಮೆಮೊರಿ ಮತ್ತು ನಾಲ್ಕು ವಿಸಿಪಿಯುಗಳ ಎಂ6ಜಿ ಎಕ್ಸ್‌ಲಾರ್ಜ್ 26 ನಿಮಿಷ. ಎರಡು ನಿಮಿಷಕ್ಕಾಗಿ ಹೆಚ್ಚು ಬಾಡಿಗೆ ಕೊಡುವುದು ಬೇಡವೆಂದು ಆರ್6ಜಿ ಲಾರ್ಜ್ ತೆಗೆದುಕೊಂಡೆವು. ಟಿ4ಜಿ ಮೀಡಿಯಂಗಿಂತ ಬಾಡಿಗೆ ಬಹಳ ಏರಿತು, ನಿಜ. ಬೆಳಗ್ಗೆ ಆರರ ಫೋನು ನಿಂತದ್ದಕ್ಕೆ ಆ ಹಣ ನನಗೆ ಹೆಚ್ಚೆನಿಸಲಿಲ್ಲ.

ಡಿಸ್ಕಿನ ವೇಗ ಕೊಳ್ಳುವ ಮುನ್ನ ಯಂತ್ರಕ್ಕೂ ಡಿಸ್ಕಿಗೂ ನಡುವಿನ ದಾರಿಯ ಅಗಲ ನೋಡಿ. ಪೋಸ್ಟ್‌ಗ್ರೆಸ್‌ಗೆ 400 ಜಿಬಿ ದಾಟಿದ ಜಿಪಿ3 ಸೆಕೆಂಡಿಗೆ 12,000 ಓದುಬರಹ ಕೊಡುತ್ತದೆ, ಆದರೆ ಆರ್6ಜಿ ಲಾರ್ಜ್ ಸತತವಾಗಿ ಎಳೆಯಬಲ್ಲದ್ದು 3600. ಮಿಕ್ಕದ್ದು ಬಳಕೆಗೆ ಬರುವುದೇ ಅಪರೂಪ.

ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆಯಿಂದ ಕೆಲಸ ನಡೆಯಲೆಂದು, ಎರಡು ಪ್ರತ್ಯೇಕ ವಲಯಗಳಲ್ಲಿ ಪ್ರತಿ ಇಡುವ ಮಲ್ಟಿ ಎಝಡ್ ವ್ಯವಸ್ಥೆ ತೆಗೆದುಕೊಂಡಿದ್ದೇವೆ. ಎರಡನೆಯ ಪ್ರತಿ ಕಾವಲಿಗೆ ಮಾತ್ರ, ಅದರಿಂದ ವರದಿ ಓದಲಾಗದು. ಓದಲು ಬರುವ ಎರಡು ಪ್ರತಿಗಳಿರುವ ಮೂರು ಯಂತ್ರಗಳ ಕ್ಲಸ್ಟರ್ ಕೂಡ ಸಿಗುತ್ತದೆ, ಬದಲಿ ಯಂತ್ರಕ್ಕೆ ಇನ್ನೂ ಬೇಗ ಹೊರಳುತ್ತದೆ. ನಮ್ಮ ಕೇಂದ್ರಗಳ ಉಪಕರಣಗಳು ಸಂಪರ್ಕ ತಪ್ಪಿದರೂ ಕೆಲವು ನಿಮಿಷ ಸಾಲುಗಳನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತವೆ. ಹೀಗಾಗಿ ಒಂದೆರಡು ನಿಮಿಷದ ಹೊರಳುವಿಕೆ ನಮಗೆ ಸಾಕು.

ಅಮೆಜಾನ್ ತೇಪೆ ಹಚ್ಚುವ ನಿರ್ವಹಣೆಯ ಹೊತ್ತನ್ನು ನೀವೇ ಗೊತ್ತುಮಾಡಿ, ಗಡಿಯಾರ ನೋಡಿ ಗೊತ್ತುಮಾಡಿ. ಅಲ್ಲಿ ಬರೆಯುವುದು ಯುಟಿಸಿ ವೇಳೆ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿನ ಜಾಗತಿಕ ವೇಳೆ. ನಮ್ಮಲ್ಲೊಬ್ಬರು ಮಧ್ಯರಾತ್ರಿ ಎಂದು ತಿಳಿದು 00:30 ಎಂದು ತುಂಬಿದ್ದರು. ಅದು ನಮ್ಮ ಬೆಳಗಿನ ಆರು ಗಂಟೆ, ಮೊದಲ ಕ್ಯಾನು ಬರುವ ಹೊತ್ತು. ಪುಣ್ಯಕ್ಕೆ ಯಾವ ತೇಪೆಯೂ ಬರುವ ಮೊದಲೇ ಕಣ್ಣಿಗೆ ಬಿತ್ತು. ಈಗ 07:30 ಎಂದಿದೆ, ಅಂದರೆ ಮಧ್ಯಾಹ್ನ ಒಂದು ಗಂಟೆ.

ಒಂದು ವರ್ಷದ ಮುಂಗಡ ಕಾಯ್ದಿರಿಸಿದರೆ ಬಾಡಿಗೆ ಇಳಿಯುತ್ತದೆ. ಇನ್ನೂ ಮಾಡಿಲ್ಲ. ಮಳೆಗಾಲದಲ್ಲಿ ಹಸಿರು ಮೇವು ಹೆಚ್ಚಿ ಹಾಲು ಏರುತ್ತದೆ, ಸಾಲುಗಳೂ ಏರುತ್ತವೆ. ಆ ನಾಲ್ಕು ತಿಂಗಳ ಬಟವಾಡೆಗಳನ್ನು ಇದೇ 16 ಜಿಬಿಯಲ್ಲಿ ನೋಡಿ, ಆಮೇಲೆ ಸಹಿ ಹಾಕುತ್ತೇನೆ.